ಎತ್ತು ಏರಿಗೆ, ಕೋಣ ನೀರಿಗೆ

ಮೈಸೂರಿನ ದಸರಾ ಕುಸ್ತಿಗೆ ಕೆಲವು ದಿನ ಮುಂಚೆ ಜೋಡಿ ಕಟ್ಟುವ ಕಾರ್ಯ ನಡೆಯುತ್ತದೆ. ಬೇರೆ ಬೇರೆ ಗರಡಿಗಳಿಂದ ಬಂದ ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ವಯಸ್ಸು, ತೂಕ, ಮೈಕಟ್ಟು ನೋಡಿ, ಇವನಿಗೆ ಇವನು ಸರಿ ಎಂದು ಹಿರಿಯರು ಗೊತ್ತುಮಾಡುತ್ತಾರೆ. ನಮ್ಮ ಕಡೆಯ ಊರಹಬ್ಬದ ಕುಸ್ತಿಯ ಭಿತ್ತಿಪತ್ರಗಳಲ್ಲಿ 'ಇಷ್ಟು ಜೊತೆ ಕುಸ್ತಿ' ಎಂದೇ ಅಚ್ಚಾಗಿರುತ್ತದೆ. ಕುಸ್ತಿಯ ಕನ್ನಡದಲ್ಲಿ ಜೋಡಿಯೆಂದರೆ ಗೆಳೆಯನಲ್ಲ, ಎದುರಾಳಿ. ಕರಾವಳಿಯ ಯಕ್ಷಗಾನದವರೂ ಹೀಗೆಯೇ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಗೆ ಕುಣಿದರೆ ಅದನ್ನು ಜೋಡಾಟವೆನ್ನುತ್ತಾರೆ. ಒಂದುಗೂಡಿ ಕುಣಿದರೆ ಅದು ಕೂಡಾಟ. ಜೋಡಿಯಾಗುವುದು ಬೇರೆ, ಕೂಡುವುದು ಬೇರೆ ಎಂಬುದನ್ನು ನಮ್ಮ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಈ ವಿಚಾರ ನನ್ನ ತಲೆಗೆ ಬಂದುದು ಗರಡಿಯಲ್ಲಿ ಅಲ್ಲ, ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಜಗಲಿಯಲ್ಲಿ. ನನ್ನ ಮೊಮ್ಮಗ ಮೊಬೈಲಿನಲ್ಲಿ ಅಮೆರಿಕದ ಕುಸ್ತಿ ನೋಡುತ್ತಿದ್ದ. ಅವನ ಅಪ್ಪ ಹುಡುಗನಾಗಿದ್ದಾಗ ಇದೇ ಜಟ್ಟಿಗಳ ಚಿತ್ರವಿದ್ದ ಡಬ್ಲ್ಯುಡಬ್ಲ್ಯುಎಫ್ ಕಾರ್ಡುಗಳನ್ನು ಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ನನ್ನಿಂದ ಪೆಟ್ಟು ತಿಂದಿದ್ದ. ಮಗನಿಗೆ ಕೊಟ್ಟುದನ್ನು ಮೊಮ್ಮಗನಿಗೆ ಕೊಡುವ ಧೈರ್ಯ ಈಗ ನನಗಿಲ್ಲ. ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದೆ. ಇದ್ದಕ್ಕಿದ್ದಂತೆ ಅವನು ಸಿಟ್ಟಿನಿಂದ, "ನೋಡಿ ತಾತ, ಹೋದ್ ವಾರ ಇವ್ರಿಬ್ರೂ ಹೊಡೆದಾಡ್ತಿದ್ರು. ಈ ವಾರ ಜೊತೆಯಾಗಿ ಬೆಲ್ಟ್ ಗೆದ್ಬುಟ್ರು. ವರ್ಷಗಟ್ಲೆ ಜೊತೆಗಿರೋ ಟೀಮ್‌ಗಳು ಏನ್ ಮಾಡ್ಬೇಕು? ಇದು ಮೋಸ ಅಲ್ವಾ?" ಎಂದ.

"ಅದೆಲ್ಲ ಮೊದಲೇ ಗೊತ್ತುಮಾಡಿಕೊಂಡು ಆಡೋ ನಾಟಕ ಕಣೋ. ಅದರಲ್ಲಿ ಮೋಸ ಎಲ್ಲಿಂದ ಬಂತು?" ಎಂದೆ.

"ನೀವು ಹೇಳ್ಕೊಡೋ ಉತ್ತರಕುಮಾರನ್ ಕಥೆ ಮಾತ್ರ ನಿಜವಾ?" ಎಂದು ಕೇಳಿ ಅವನು ಎದ್ದುಹೋದ.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇಂಥ ಪೆಟ್ಟು ಎದುರಾಳಿಯಿಂದಲೂ ಬಿದ್ದಿರಲಿಲ್ಲ. ಹುಡುಗನ ಪ್ರಶ್ನೆ ಸಾಹಿತ್ಯವಿಮರ್ಶೆಯ ಪ್ರಶ್ನೆಯೇ ಆಗಿತ್ತು. ಕಥೆ ಕಟ್ಟಿದ್ದು ಎಂದ ಮಾತ್ರಕ್ಕೆ ಅದಕ್ಕೆ ನ್ಯಾಯ ಅನ್ಯಾಯ ಇಲ್ಲವೆನ್ನಲಾಗದು. ಅಮೆರಿಕದ ಆ ಕಂಪನಿಯವರು 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ತಮ್ಮದು ಪಂದ್ಯವಲ್ಲ, ಮನರಂಜನೆಯೆಂದು ತಾವೇ ಒಪ್ಪಿಕೊಂಡರು. ಅದಕ್ಕೂ ಬಹಳ ಮೊದಲು, 1957ರಲ್ಲಿ ಪುಸ್ತಕವಾಗಿ ಬಂದ ತನ್ನ ಲೇಖನಗಳಲ್ಲಿ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಈ ಬಗೆಯ ಕುಸ್ತಿಯನ್ನು ನಾಟಕದಂತೆಯೇ ಓದಿ ತೋರಿಸಿದ್ದ. ಆದುದರಿಂದ ನಾನೂ ಅದನ್ನು ಕಥೆಯೆಂದೇ ಹಿಡಿದು, ಅವಸರದಲ್ಲಿ ಕಟ್ಟಿದ ಜೋಡಿಗೆ ಕಿರೀಟ ಸಲ್ಲುವುದೇ ಎಂದು ಕೇಳಿಕೊಳ್ಳುತ್ತ ಕೆಲವು ದಿನ ಮೊಮ್ಮಗನ ಪಕ್ಕದಲ್ಲಿ ಕುಳಿತು ಹಳೆಯ ಕುಸ್ತಿಗಳನ್ನೆಲ್ಲ ನೋಡಿದೆ.

ಈ ಆಟ ತಿಳಿಯದ ವಾಚಕರಿಗಾಗಿ ಒಂದೆರಡು ಮಾತು. ಟ್ಯಾಗ್ ಟೀಮ್ ಎಂಬ ಕುಸ್ತಿಯಲ್ಲಿ ಇಬ್ಬಿಬ್ಬರದು ಒಂದೊಂದು ಪಕ್ಷ. ಒಬ್ಬ ಒಳಗೆ ಸೆಣಸುತ್ತಿರುವಾಗ ಇನ್ನೊಬ್ಬ ಹಗ್ಗದ ಹೊರಗೆ, ತನ್ನ ಮೂಲೆಯಲ್ಲಿ ನಿಂತಿರಬೇಕು. ಒಳಗಿನವನು ಬಂದು ಕೈಗೆ ಕೈ ತಾಗಿಸಿದರೆ ಮಾತ್ರ ಹೊರಗಿನವನು ಒಳಗೆ ಬರಬಹುದು. ಈ ಆಟದ ರಸವೆಲ್ಲ ಇರುವುದು ಆ ಕೈಯಲ್ಲಿ. ಒಳಗೆ ಪೆಟ್ಟು ತಿಂದವನು ತೆವಳಿಕೊಂಡು ಬರುತ್ತಾನೆ. ಹೊರಗಿನವನು ಹಗ್ಗದ ಮೇಲೆ ಬಾಗಿ ಕೈ ಚಾಚಿರುತ್ತಾನೆ. ನಡುವೆ ಒಂದು ಗೇಣು ಉಳಿದಿರುವಾಗ ಎದುರಾಳಿ ಕಾಲು ಹಿಡಿದು ಹಿಂದಕ್ಕೆಳೆಯುತ್ತಾನೆ. ಸಾವಿರಾರು ಜನ ಕೂಗುವುದು ಆ ಒಂದು ಗೇಣಿಗಾಗಿ. ವರ್ಷಗಟ್ಟಲೆ ಜೊತೆಯಲ್ಲಿ ಪಳಗಿದ ಜೋಡಿಯಲ್ಲಿ ಆ ಕೈ ಅಲ್ಲಿ ಇದ್ದೇ ಇರುತ್ತದೆಯೆಂದು ನಮಗೆ ಗೊತ್ತು. ಅವಸರದ ಜೋಡಿಯಲ್ಲಿ ಗೊತ್ತಿಲ್ಲ. ಆ ಕೈ ಚಾಚೀತೋ ಹಿಂದಕ್ಕೆ ಸರಿದೀತೋ ಎಂಬ ಅನುಮಾನವೇ ಅವಸರದ ಜೋಡಿಯ ಕಥಾವಸ್ತು.

ಮಿಕ್ ಫೋಲಿ ಎಂಬ ಜಟ್ಟಿಯನ್ನೇ ನೋಡಿ. ಮೈ ದಪ್ಪ, ತಲೆಗೂದಲು ಕೆದರಿದ್ದು, ಮುಖಕ್ಕೆ ತೊಗಲಿನ ಮುಖವಾಡ. ಆಟದಲ್ಲಿ ಅವನ ಹೆಸರು ಮ್ಯಾನ್‌ಕೈಂಡ್. 1999ರ ಆಗಸ್ಟ್ ತಿಂಗಳಲ್ಲಿ ಅವನು ದ ರಾಕ್ ಎಂಬ ಸುಂದರಾಂಗನ ಜೊತೆಗೂಡಿ ಜೋಡಿ ಪಟ್ಟವನ್ನು ಗೆದ್ದ. ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಡಿದು ಹಣ್ಣುಮಾಡಿದ್ದವರು. ರಾಕ್‌ನಿಗೆ ಈ ಜೊತೆ ಒಂದು ಅನುಕೂಲ. ಮ್ಯಾನ್‌ಕೈಂಡ್‌ನಿಗೆ ಒಂದು ಸ್ನೇಹ. ಅವನು ಗೆಳೆಯನ ಸನ್ಮಾನಕ್ಕೆಂದು ಅಖಾಡದಲ್ಲೇ ಸಮಾರಂಭ ಏರ್ಪಡಿಸಿ, ಗೆಳೆಯನ ಹಳೆಯ ಗುರುಗಳನ್ನೆಲ್ಲ ಕರೆಸಿದ; ರಾಕ್ ಬಂದವರನ್ನೆಲ್ಲ ಗೇಲಿಮಾಡಿ ಕಳುಹಿಸಿದ. ಆ ವರ್ಷವೇ ಫೋಲಿಯ ಆತ್ಮಕಥೆ ಅಚ್ಚಾಯಿತು. ಬೇರೆಯವರಿಂದ ಬರೆಸದೆ ತಾನೇ ಕೈಯಾರೆ ಬರೆದ ಪುಸ್ತಕ. ಅದರ ಒಂದು ಪ್ರತಿಗೆ ರುಜು ಹಾಕಿ ಅವನು ಗೆಳೆಯನಿಗೆ ಕೊಟ್ಟ. ಕೆಲವು ದಿನಗಳ ಮೇಲೆ ಅದು ಕಸದ ಬುಟ್ಟಿಯಲ್ಲಿ ಸಿಕ್ಕಿತು. ಜೋಡಿ ಒಡೆಯಿತು. ಪುಸ್ತಕವನ್ನು ಅಲ್ಲಿಗೆ ಹಾಕಿದವನು ರಾಕ್ ಅಲ್ಲ, ಅಲ್ ಸ್ನೋ ಎಂಬ ಇನ್ನೊಬ್ಬ ಎಂಬುದು ಆಮೇಲೆ ಬಯಲಾಯಿತೆನ್ನಿ. ಆದರೆ ಮ್ಯಾನ್‌ಕೈಂಡ್ ಕೇಳಿದ ತಕ್ಷಣ ನಂಬಿದನಲ್ಲ, ಆ ನಂಬಿಕೆಯಲ್ಲಿಯೇ ಕಥೆಯಿದೆ. ಒಬ್ಬನ ಕೈ ಚಾಚಿಯೇ ಇತ್ತು. ಇನ್ನೊಬ್ಬನ ಕೈ ಇದೆಯೆಂಬ ಭರವಸೆ ಅವನಿಗೆ ಎಂದೂ ಬಂದಿರಲಿಲ್ಲ. ಕೊಟ್ಟ ಪುಸ್ತಕವನ್ನು ರದ್ದಿಯಂಗಡಿಯಲ್ಲಿ ಕಂಡ ಯಾವ ಲೇಖಕನಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

2012ರ ಸೆಪ್ಟೆಂಬರಿನಲ್ಲಿ ಪಟ್ಟ ಗೆದ್ದ ಕೇನ್ ಮತ್ತು ಡೇನಿಯಲ್ ಬ್ರಯಾನರದು ಇನ್ನೊಂದು ಬಗೆ. ಒಬ್ಬ ಆಜಾನುಬಾಹು, ಇನ್ನೊಬ್ಬ ಗಿಡ್ಡ ಗಡ್ಡದವ. ಇಬ್ಬರಿಗೂ ಸಿಟ್ಟು ವಿಪರೀತವೆಂದು ವೈದ್ಯನೊಬ್ಬನ ಬಳಿ ಸಿಟ್ಟು ಇಳಿಸುವ ಪಾಠಕ್ಕೆ ಕಳುಹಿಸಿ, ಅಲ್ಲಿಂದ ಜೋಡಿ ಕಟ್ಟಿದರು. ಗೆದ್ದ ಮೇಲೂ ಅವರ ಜಗಳ ನಿಲ್ಲಲಿಲ್ಲ. ಪಟ್ಟ ನನ್ನದು, ನನ್ನೊಬ್ಬನದು ಎಂದು ಇಬ್ಬರೂ ಕೂಗಾಡುತ್ತಲೇ ಎಂಟು ತಿಂಗಳು ಪಟ್ಟ ಉಳಿಸಿಕೊಂಡರು. 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬ ಗಾದೆಯನ್ನು ನಾವು ಸೋಲಿನ ಗಾದೆಯೆಂದೇ ತಿಳಿದಿದ್ದೇವೆ. ಇವರನ್ನು ನೋಡಿದ ಮೇಲೆ ನನಗೆ ಅಷ್ಟು ಖಚಿತವಿಲ್ಲ. ಹಿಂದೆ ನಮ್ಮ ಕಡೆ ಒಂಟಿ ಎತ್ತಿನ ರೈತರಿಬ್ಬರು ಸೇರಿ ಒಂದು ನೇಗಿಲು ಹೂಡುತ್ತಿದ್ದುದುಂಟು. ಎತ್ತುಗಳ ನಡಿಗೆ ಬೇರೆ, ಎತ್ತರ ಬೇರೆ. ಮೊದಲ ದಿನದ ಸಾಲು ಸೊಟ್ಟಗಿರುತ್ತಿತ್ತು. ಆದರೂ ಹೊಲ ಬೀಳುಬೀಳುತ್ತಿರಲಿಲ್ಲ.

ಇನ್ನು 2016. ಷೇಮಸ್ ಮತ್ತು ಸೆಸಾರೊ ಎಂಬ ಇಬ್ಬರಿಗೆ ಏಳು ಕುಸ್ತಿಗಳ ಸರಣಿ ಏರ್ಪಾಡಾಯಿತು. ಮೂರು ಮೂರು ಸಮನಾಗಿ, ಏಳನೆಯದು ತೀರ್ಮಾನವಾಗದೆ ನಿಂತಿತು. ಆಗ ವ್ಯವಸ್ಥಾಪಕನ ಪಾತ್ರದಲ್ಲಿದ್ದವನು ಅದೇ ಮಿಕ್ ಫೋಲಿ. ನೀವಿಬ್ಬರೂ ಇನ್ನು ಜೊತೆಗಾರರು ಎಂದು ಅವನು ತೀರ್ಪುಕೊಟ್ಟ. ಅದೇ ಡಿಸೆಂಬರಿನಲ್ಲಿ ಅವರಿಬ್ಬರೂ 483 ದಿನ ಪಟ್ಟದಲ್ಲಿದ್ದ ನ್ಯೂ ಡೇ ತಂಡವನ್ನು ಸೋಲಿಸಿದರು. ಇವರ ಕಥೆ ನಮ್ಮ ಕುಸ್ತಿಯ ಮಾತಿಗೆ ಬಹಳ ಹತ್ತಿರ. ಮೊದಲು ಅವರು ನಮ್ಮ ಅರ್ಥದಲ್ಲಿ ಜೋಡಿ. ಆಮೇಲೆ ಅವರ ಅರ್ಥದಲ್ಲಿ. ಏಳು ಸಲ ಒಬ್ಬನ ಪಟ್ಟಿಗೆ ಮೈಕೊಟ್ಟವನಿಗೆ ಅವನ ಬಲ ಎಲ್ಲಿದೆ, ಉಸಿರು ಎಲ್ಲಿ ಕಟ್ಟುತ್ತದೆ ಎಂಬುದು ಅವನ ಗೆಳೆಯರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟು ನೋಡಿದ ಮೇಲೆ ನನ್ನ ಮನಸ್ಸು ತಾನಾಗಿ ಭಾರತದ ಕಥೆಗೆ ತಿರುಗಿತು. ಅಲ್ಲಿಯೂ ಅವಸರದ ಜೋಡಿಗಳು ಎರಡಿವೆ, ಎರಡೂ ರಥದ ಮೇಲೆ: ಕರ್ಣ ಮತ್ತು ಶಲ್ಯ; ಉತ್ತರ ಮತ್ತು ಬೃಹನ್ನಳೆ.

ಶಲ್ಯ ಮದ್ರದೇಶದ ಅರಸು, ನಕುಲ ಸಹದೇವರ ಸೋದರಮಾವ. ಪಾಂಡವರ ಕಡೆಗೆ ಹೊರಟವನನ್ನು ದುರ್ಯೋಧನ ದಾರಿಯಲ್ಲಿ ಸತ್ಕಾರದ ಬಲೆಯೊಡ್ಡಿ ತನ್ನ ಕಡೆಗೆ ತಿರುಗಿಸಿಕೊಂಡ. ಕರ್ಣನಿಗೆ ಸಾರಥಿಯಾಗೆಂದಾಗ ಅವನಿಗೆ ಅವಮಾನ. ಮನಸ್ಸಿಗೆ ಬಂದುದನ್ನು ಆಡುವ ಸ್ವಾತಂತ್ರ್ಯವಿರಬೇಕೆಂಬ ಕರಾರಿನ ಮೇಲೆ ರಥ ಹತ್ತಿದ. ಕರ್ಣನ ಉತ್ಸಾಹವನ್ನು ಕುಗ್ಗಿಸುತ್ತೇನೆಂದು ಧರ್ಮರಾಯನಿಗೆ ಮೊದಲೇ ಮಾತುಕೊಟ್ಟಿದ್ದ. ಈ ಜೋಡಿಯಲ್ಲಿ ಹೊರಗಿನ ಕೈ ಚಾಚಲೇ ಇಲ್ಲ. ಆದರೂ ಒಂದು ಗಳಿಗೆ ಬರುತ್ತದೆ. ಸರ್ಪಾಸ್ತ್ರ ಹೂಡಿದಾಗ ಗುರಿ ಸರಿಯಿಲ್ಲ, ಮತ್ತೊಮ್ಮೆ ನೋಡಿ ಹೂಡು ಎಂದು ಶಲ್ಯ ಹೇಳುತ್ತಾನೆ. ಬಹುಶಃ ಅವನು ನಿಜವಾಗಿ ಹೇಳಿದ ಹಿತದ ಮಾತು ಅದೊಂದೇ. ಅಷ್ಟು ಹೊತ್ತಿಗೆ ಅವನ ಚುಚ್ಚುಮಾತು ಕೇಳಿ ಕೇಳಿ ಬೇಸತ್ತಿದ್ದ ಕರ್ಣನಿಗೆ ಹಿತವೂ ಚುಚ್ಚಿದಂತೆಯೇ ಕೇಳಿಸಿತು. ಅವನು ಒಪ್ಪಲಿಲ್ಲ, ಬಾಣ ಕಿರೀಟವನ್ನು ಹಾರಿಸಿತು, ತಲೆ ಉಳಿಯಿತು. ವ್ಯಾಸರಲ್ಲಿ ಶಲ್ಯ ಕೊನೆಯವರೆಗೆ ರಥದಲ್ಲೇ ಇರುತ್ತಾನೆ. ನಮ್ಮ ಕನ್ನಡದ ಕಥಾಸಂಪ್ರದಾಯ ಅವನನ್ನು ಅಲ್ಲಿಯೇ ರಥದಿಂದ ಇಳಿಸಿ ಕಳುಹಿಸುತ್ತದೆ.

ಕೆಲಸದ ಮೇಲೆ ನಾನು ಕೆಲವು ವರ್ಷ ದಕ್ಷಿಣ ಕನ್ನಡದಲ್ಲಿದ್ದಾಗ ತಾಳಮದ್ದಳೆಯಲ್ಲಿ ಈ ಭಾಗವನ್ನು ಎಷ್ಟೋ ಸಲ ಕೇಳಿದ್ದೇನೆ. ಪದ್ಯ ಮಾತ್ರ ಗೊತ್ತಾದದ್ದು. ಮಾತು ಅರ್ಥಧಾರಿಗಳು ಆ ಕ್ಷಣಕ್ಕೆ ಕಟ್ಟಿದ್ದು. ಕರ್ಣನ ಅರ್ಥ ಹೇಳುವವರೂ ಶಲ್ಯನ ಅರ್ಥ ಹೇಳುವವರೂ ಅಭ್ಯಾಸವಿಲ್ಲದೆ ಅಂದಿನ ಸಂಜೆಯಷ್ಟೇ ಎದುರುಬದುರು ಕುಳಿತಿರುತ್ತಾರೆ. ಅವರದೂ ಅವಸರದ ಜೋಡಿಯೇ. ಒಬ್ಬರು ಇನ್ನೊಬ್ಬರಿಗೆ ಉತ್ತರಿಸಲು ಎಡೆಯಿಲ್ಲದಂತೆ ವಾದ ಹೂಡಿದರೆ ಪ್ರಸಂಗ ಕೆಡುತ್ತದೆ. ಬಲ್ಲವರು ಎದುರಿನವರಿಗೆ ಮಾತಿನ ಕೊನೆಯಲ್ಲಿ ಒಂದು ಎಳೆ ಬಿಟ್ಟುಕೊಡುತ್ತಾರೆ. ರಥದ ಮೇಲಿನ ಜೋಡಿ ಒಡೆಯುವುದನ್ನು ತೋರಿಸಲು ವೇದಿಕೆಯ ಮೇಲಿನ ಜೋಡಿ ಕೂಡಿರಬೇಕು. ಕುಸ್ತಿಯ ನಾಟಕದಲ್ಲಿಯೂ ಇದೇ ಗುಟ್ಟು: ಪಾತ್ರಗಳು ಒಬ್ಬರ ಕೈ ಒಬ್ಬರು ಬಿಡುವಾಗಲೂ ನಟರು ಬಿಡುವಂತಿಲ್ಲ, ಬಿಟ್ಟರೆ ಎತ್ತಿ ಎಸೆದವನ ಕುತ್ತಿಗೆ ಮುರಿಯುತ್ತದೆ.

ಇನ್ನು ಉತ್ತರಕುಮಾರ. ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನೇ ಪಾಠವಾಗಿಸಿ, ಮೂವತ್ತು ವರ್ಷ ನಾನು ಅವನನ್ನು ಹಾಸ್ಯಪಾತ್ರವೆಂದೇ ಬೋಧಿಸಿದೆ. ಹೆಂಗಸರ ಮುಂದೆ ಕೊಚ್ಚಿಕೊಳ್ಳುವುದು, ಕೌರವಸೇನೆ ಕಂಡೊಡನೆ ರಥದಿಂದ ಹಾರಿ ಓಡುವುದು, ಇಷ್ಟಕ್ಕೆ ತರಗತಿ ನಕ್ಕರೆ ನನ್ನ ಪಾಠ ಗೆದ್ದಂತೆ. ಒಂದು ವರ್ಷ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತಾಡಲು ನಿಂತ ಹುಡುಗನೊಬ್ಬ ಸಭೆ ನೋಡಿ ಬೆದರಿ ವೇದಿಕೆಯಿಂದ ಓಡಿಹೋದ. ಮರುದಿನ ನಾನು ತರಗತಿಯಲ್ಲಿ ಅವನನ್ನು 'ಬಾರಯ್ಯ ಉತ್ತರಕುಮಾರ' ಎಂದು ಕರೆದೆ. ಆ ಹೆಸರು ಅವನು ಶಾಲೆ ಬಿಡುವವರೆಗೂ ಅವನನ್ನು ಬಿಡಲಿಲ್ಲ. ಮತ್ತೆ ಅವನು ವೇದಿಕೆ ಹತ್ತಲೂ ಇಲ್ಲ.

ಮೊಮ್ಮಗನ ಪ್ರಶ್ನೆಯ ಮೇಲೆ ಆ ಕಥೆಯನ್ನು ಪುನಃ ಓದಿದೆ. ವಿರಾಟಪರ್ವ ಕುಸ್ತಿಯ ಪರ್ವವೂ ಹೌದು. ಅಡುಗೆಯವನ ವೇಷದ ಭೀಮ ಜೀಮೂತನೆಂಬ ಮಲ್ಲನನ್ನು ಕೆಡಹುವುದು ಅಲ್ಲಿಯೇ. ಆದರೆ ಅದರಲ್ಲಿ ನಿಜವಾದ ಜೋಡಿ ಕಟ್ಟುವುದು ಗೋಗ್ರಹಣದಲ್ಲಿ. ಅರಸನೂ ಸೈನ್ಯವೂ ತೆಂಕಣ ದಿಕ್ಕಿನ ದನ ಬಿಡಿಸಲು ಹೋಗಿರುವಾಗ ಬಡಗಣ ದಿಕ್ಕಿನ ದನಗಳನ್ನು ಕೌರವರು ಹೊಡೆದರು. ಊರಿನಲ್ಲಿ ಉಳಿದವರು ಒಬ್ಬ ರಾಜಕುಮಾರ, ಒಬ್ಬ ನಾಟ್ಯದ ಗುರು. ಬೇರೆ ಯಾರೂ ಇಲ್ಲದ್ದರಿಂದ ಜೋಡಿಯಾದವರು. ಉತ್ತರ ಓಡಿದ ಎಂಬಲ್ಲಿಗೆ ನಾನು ಪುಸ್ತಕ ಮುಚ್ಚುತ್ತಿದ್ದೆ. ಕಥೆ ಅಲ್ಲಿಂದ ಶುರುವಾಗುತ್ತದೆ. ಬೃಹನ್ನಳೆ ಅವನನ್ನು ಓಡಲು ಬಿಡಲಿಲ್ಲ. ಹಿಂದೆಯೇ ಓಡಿ, ಹಿಡಿದು, ಎಳೆದುಕೊಂಡು ಬಂದಳು. ಹೇಡಿಯೆಂದು ಬೈದು ಕೈಬಿಡಲಿಲ್ಲ; ನೀನು ಕಾದಲಾರೆಯಾದರೆ ರಥ ನಡೆಸು, ನಾನು ಕಾದುತ್ತೇನೆ ಎಂದಳು. ಮೊದಲು ಬನ್ನಿಮರ ಹತ್ತಿ ಆಯುಧಗಳ ಗಂಟು ಇಳಿಸಬೇಕು. ಹತ್ತಿದವನು ಉತ್ತರ. ಅದಾದ ಮೇಲೆ ಭೀಷ್ಮ ದ್ರೋಣ ಕರ್ಣರ ಬಾಣಗಳ ನಡುವೆ ರಥ ನಡೆಸಿದವನೂ ಅವನೇ. ಸ್ವಲ್ಪ ಹೊತ್ತಿನ ಮುಂಚೆ ಸೇನೆಯನ್ನು ದೂರದಿಂದ ನೋಡಿ ಓಡಿದವನು, ಈಗ ಅದರೊಳಕ್ಕೆ ಕುದುರೆಗಳನ್ನು ಹೊಡೆದ.

ಪಟ್ಟ ಯಾರದು ಎಂಬ ಪ್ರಶ್ನೆಗೂ ಆ ಕಥೆಯಲ್ಲಿ ಉತ್ತರವಿದೆ. ಮಗ ಗೆದ್ದನೆಂದು ವಿರಾಟ ಹಿಗ್ಗುತ್ತಾನೆ. ಬೃಹನ್ನಳೆಯಿದ್ದ ಮೇಲೆ ಗೆಲುವಿನಲ್ಲಿ ಆಶ್ಚರ್ಯವೇನು ಎಂದ ಕಂಕಭಟ್ಟನ ಮುಖಕ್ಕೆ ಪಗಡೆಯ ದಾಳದಿಂದ ಹೊಡೆಯುತ್ತಾನೆ. ಮೂಗಿನಲ್ಲಿ ರಕ್ತ ಬರುತ್ತದೆ. ಆಗ ಒಳಗೆ ಬಂದ ಉತ್ತರ, ಗೆದ್ದವನು ನಾನಲ್ಲ ಎನ್ನುತ್ತಾನೆ. ಗೆಲುವನ್ನು ನಿನ್ನದೇ ಎಂದು ಹೇಳಿಕೋ ಎಂದು ಅರ್ಜುನ ಹೇಳಿಕೊಟ್ಟಿದ್ದರೂ ಅವನು ಹೇಳಿಕೊಳ್ಳಲಿಲ್ಲ. ಕೊಚ್ಚಿಕೊಂಡು ಹೊರಟವನು ಹಿಂದಿರುಗಿ ಬಂದು ತುಂಬಿದ ಸಭೆಯಲ್ಲಿ ಆಡಿದ ಮಾತು ಅದು. ಪಟ್ಟ ನನ್ನೊಬ್ಬನದು ಎಂದು ಕೂಗಾಡಿದ ಕೇನ್, ಬ್ರಯಾನರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಉತ್ತರನ ನಿಜವಾದ ಪೌರುಷ ಅದು ಎಂದು ನಾನು ಒಂದು ತರಗತಿಗೂ ಹೇಳಿಕೊಡಲಿಲ್ಲ. ಮುಂದೆ ಮಹಾಯುದ್ಧದ ಮೊದಲ ದಿನವೇ ಉತ್ತರ ಸಾಯುತ್ತಾನೆ. ಕೊಂದವನು ಶಲ್ಯ. ವ್ಯಾಸರು ಬೇಕೆಂದೇ ಮಾಡಿದರೋ ಇಲ್ಲವೋ, ಅವಸರದ ಜೋಡಿಯಲ್ಲಿ ಕೈ ಕೊಟ್ಟವನಿಗೂ ಕೈ ಚಾಚದವನಿಗೂ ನಡುವೆ ಅಂಥದೊಂದು ಲೆಕ್ಕ ಉಳಿದಿದೆ.

ಈಗ ಮೊಮ್ಮಗನ ಆಕ್ಷೇಪಣೆಗೆ ಬರೋಣ. ವರ್ಷಗಟ್ಟಲೆ ಜೊತೆಯಲ್ಲಿ ದುಡಿದವರನ್ನು ಬದಿಗೆ ಸರಿಸಿ ನಿನ್ನೆ ಮೊನ್ನೆ ಸೇರಿದವರಿಗೆ ಪಟ್ಟ ಕಟ್ಟುವುದು ಅನ್ಯಾಯವಲ್ಲವೇ? ಎಷ್ಟೋ ಸಲ ಹೌದು. ಆ ಕಂಪನಿಯವರು ಈ ಉಪಾಯವನ್ನು ಸೋಮಾರಿತನದಿಂದಲೂ ಬಳಸಿದ್ದಾರೆ. ಇಬ್ಬರು ಹೆಸರಾಂತ ಜಟ್ಟಿಗಳ ಕಾಳಗಕ್ಕೆ ಕಾವು ಬರಲೆಂದು ಮೊದಲು ಅವರನ್ನು ಜೋಡಿಮಾಡಿ, ಆಮೇಲೆ ಒಡೆಯುವುದು ಅವರಿಗೆ ಅಭ್ಯಾಸವಾಗಿಹೋಗಿದೆ. 2007ರಲ್ಲಿ ಜಾನ್ ಸೀನಾ ಮತ್ತು ಶಾನ್ ಮೈಕೆಲ್ಸ್ ಜೋಡಿ ಪಟ್ಟ ಹೊತ್ತುಕೊಂಡೇ ಒಬ್ಬರನ್ನೊಬ್ಬರು ಎದುರಿಸಿದರು. ಅಲ್ಲಿ ಪಟ್ಟ ಬರಿಯ ಸಾಮಾನು. 2018ರ ಏಪ್ರಿಲಿನಲ್ಲಿ ಬ್ರಾನ್ ಸ್ಟ್ರೋಮನ್ ಎಂಬ ದೈತ್ಯ ಪ್ರೇಕ್ಷಕರ ನಡುವಿನಿಂದ ಹತ್ತು ವರ್ಷದ ಹುಡುಗನೊಬ್ಬನನ್ನು ಜೊತೆಗೆ ಆರಿಸಿಕೊಂಡು ಪಟ್ಟ ಗೆದ್ದ. ಮರುದಿನವೇ ಅದನ್ನು ಹಿಂದಕ್ಕೆ ಕೊಟ್ಟರು. ಸೋತವರು ಯಾರೆಂದರೆ ಅದೇ ಷೇಮಸ್ ಮತ್ತು ಸೆಸಾರೊ. ಆ ವೇಳೆಗೆ ಅವರು ಪಳಗಿದ ಜೋಡಿಯಾಗಿದ್ದರು. ಹುಡುಗನ ಮುಖದಲ್ಲಿದ್ದ ಸಂತೋಷ ನನಗೂ ಇಷ್ಟವಾಯಿತು. ಕಥೆಯಾಗಿ ಅದು ನಿಲ್ಲುವುದಿಲ್ಲ. ದೈತ್ಯನಿಗೆ ಆ ಹುಡುಗನ ಕೈ ಬೇಕಾಗಿರಲೇ ಇಲ್ಲ. ಬೇಕಿಲ್ಲದ ಕಡೆ ಚಾಚಿದ ಕೈ ಅಲಂಕಾರ.

ಆದುದರಿಂದ ನನ್ನ ತೀರ್ಪು ಇಷ್ಟು: ಜೋಡಿ ಎಷ್ಟು ದಿನದ್ದು ಎಂದು ಕೇಳಬಾರದು. ಇವನಿಲ್ಲದೆ ಅವನಿಗೆ ಆಗದು ಎಂಬ ಗಳಿಗೆಯನ್ನು ಕಥೆ ತೋರಿಸಿತೇ, ಆ ಗಳಿಗೆಯಲ್ಲಿ ಕೈ ಎಲ್ಲಿತ್ತು ಎಂದು ಕೇಳಬೇಕು. ಹಾಗೆ ಕೇಳಿದರೆ ಒಂದು ಹಗಲಿನ ಉತ್ತರ, ಬೃಹನ್ನಳೆಯರಿಗೆ ಪಟ್ಟ ಸಲ್ಲುತ್ತದೆ. ಮಹಾವೀರನೂ ಮಹಾರಾಜನೂ ಕೂಡಿದ್ದ ಕರ್ಣ, ಶಲ್ಯರಿಗೆ ಸಲ್ಲುವುದಿಲ್ಲ. ಪಳಗಿದ ಜೋಡಿಗಳಿಗೆ ಇದರಿಂದ ಅವಮಾನವಿಲ್ಲ. ಪಳಗಿದ ಜೋಡಿಯೂ ಎಂದೋ ಒಂದು ದಿನ ಅವಸರದ್ದೇ ಆಗಿತ್ತು.

ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು ಅರ್ಧ ಒಪ್ಪಿದ. "ಆದ್ರೂ ನ್ಯೂ ಡೇ ಸೋಲ್ಬಾರ್ದಾಗಿತ್ತು ತಾತ" ಎಂದ. ವಿಮರ್ಶಕನಿಗೆ ಇಷ್ಟು ಗೆಲುವು ಸಾಕು.

ನಮ್ಮ ಊರಿಗೆ ಹತ್ತಿರದ ಕಿರಂಗೂರಿನಲ್ಲಿ ಬನ್ನಿಮಂಟಪವಿದೆ. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು 1610ರಲ್ಲಿ ಆರಂಭಿಸಿದ ದಸರೆಯ ನೆನಪಿಗೆ ಈಗ ನಡೆಯುವ ಮೆರವಣಿಗೆ ಹೊರಡುವುದು ಅಲ್ಲಿಂದ. ಬನ್ನಿಯೆಂದರೆ ನನಗೆ ಇದುವರೆಗೆ ಅರ್ಜುನನ ಗಾಂಡೀವದ ನೆನಪು ಮಾತ್ರ ಬರುತ್ತಿತ್ತು. ಈ ಸಲ ಬನ್ನಿಸೊಪ್ಪು ಕೈಗೆ ಬಂದಾಗ, ಮೈ ನಡುಗುತ್ತಿದ್ದರೂ ಆ ಮರ ಹತ್ತಿದ ಹುಡುಗನ ನೆನಪೂ ಬಂತು. ಜೊತೆಗೆ, ಶಾಲೆಯ ವೇದಿಕೆಯಿಂದ ಓಡಿಹೋದ ಇನ್ನೊಬ್ಬ ಹುಡುಗನದು. ಅವತ್ತು ಅವನ ಹಿಂದೆ ಓಡಿ ಹಿಡಿದು ತರಬೇಕಾಗಿದ್ದವನು ನಾನು. ಅವನು ಈಗ ಎಲ್ಲಿದ್ದಾನೋ ತಿಳಿಯದು. ಈ ಪುರವಣಿ ಅವನ ಕಣ್ಣಿಗೆ ಬಿದ್ದರೆ, ಅವನ ಹಳೆಯ ಮೇಷ್ಟರು ಉತ್ತರಕುಮಾರನ ಪಾಠವನ್ನು ಈಗ ಬೇರೆಯಾಗಿ ಹೇಳುತ್ತಾರೆಂದು ತಿಳಿಯಲಿ.